ಅಂಗಡಿಯಲ್ಲಿ ನೀಲಿ, ಮನೆಯಲ್ಲಿ ಕಂದು: ಅಕ್ವೇರಿಯಂ ಮೀನಿಗೆ ಹಾರ್ಮೋನ್ ಬಣ್ಣ ಬರೋದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ)

ಇವತ್ತಿನ ವಿಷಯ ಮೀನು. ತಿನ್ನೋ ಮೀನಲ್ಲ, ಗಾಜಿನ ತೊಟ್ಟಿಯಲ್ಲಿ ಸಾಕೋ ಬಣ್ಣದ ಮೀನು. ಅದರ ಬಣ್ಣ ಎಲ್ಲಿಂದ ಬರುತ್ತೆ, ಕೆಲವರು ಹಾರ್ಮೋನ್ ಕೊಟ್ಟು ಅದನ್ನು ಹೇಗೆ ತರಿಸ್ತಾರೆ, ಆಮೇಲೆ ಆ ಮೀನಿಗೆ ಏನಾಗುತ್ತೆ ಅನ್ನೋದನ್ನ ಮಾತಾಡೋಣ. ನಾನು ಈ ವಿಷಯ ಕಲಿತಿದ್ದು ಪುಸ್ತಕ ಓದಿ ಅಲ್ಲ, ಒಂದು ತಪ್ಪು ಮಾಡಿ. ಅದನ್ನೇ ಮೊದಲು ಹೇಳಿಬಿಡ್ತೀನಿ.

ನಮ್ಮನೆ ಹಾಲ್‌ನಲ್ಲಿ ನಾಲ್ಕು ಅಡಿ ಉದ್ದದ ಒಂದು ತೊಟ್ಟಿ ಇದೆ. ಎರಡು ವರ್ಷದ ಹಿಂದೆ ಅಕ್ಕನ ಮಗಳನ್ನು ಕರ್ಕೊಂಡು ಬೆಂಗಳೂರಿನ ಒಂದು ಅಂಗಡಿಗೆ ಹೋಗಿದ್ದೆ. ಅವಳಿಗೆ ಆಗ ಒಂಬತ್ತು ವರ್ಷ. ಒಂದು ತೊಟ್ಟಿಯ ಮುಂದೆ ನಿಂತವಳು ಅಲ್ಲಿಂದ ಕದಲಲೇ ಇಲ್ಲ. ಹೆಬ್ಬೆರಳಿನಷ್ಟು ಉದ್ದದ ಮರಿಗಳು, ಒಂದೊಂದೂ ಮಿಂಚುವ ನೀಲಿ, ಎದೆಯ ಹತ್ತಿರ ಕಿತ್ತಳೆ. 'ಪೀಕಾಕ್' ಅಂದರು ಅಂಗಡಿಯವರು. ಆರು ತಗೊಂಡ್ವಿ. ಎಲ್ಲಕ್ಕಿಂತ ಚೆನ್ನಾಗಿದ್ದ ಒಂದಕ್ಕೆ ಅವಳು 'ನೀಲಿ' ಅಂತ ಹೆಸರಿಟ್ಟಳು.

ಐದಾರು ವಾರದಲ್ಲಿ ಬಣ್ಣ ಇಳಿಯೋಕೆ ಶುರುವಾಯ್ತು. ಮೊದಲು ಕಿತ್ತಳೆ ಹೋಯ್ತು, ಆಮೇಲೆ ನೀಲಿ ಮಸುಕಾಯ್ತು. ಕೊನೆಗೆ ಬೂದು ಬಣ್ಣದ ಮೈ ಮೇಲೆ ಕಂದು ಪಟ್ಟೆ ಮಾತ್ರ ಉಳೀತು. ಆ ಹುಡುಗಿ ನನ್ನ ಕೇಳಿದಳು: "ನಾನು ಜಾಸ್ತಿ ಊಟ ಹಾಕಿದ್ದಕ್ಕಾ ಮಾಮ?"

ನನಗೂ ಗೊತ್ತಿರಲಿಲ್ಲ. ಕಾಯಿಲೆ ಅಂದ್ಕೊಂಡೆ. ಮೊದಲು ಉಪ್ಪು ಹಾಕಿದೆ, ಆಮೇಲೆ ಆ್ಯಂಟಿಬಯೋಟಿಕ್, ಅದರ ಮೇಲೆ ಫಂಗಸ್ ಔಷಧಿ. ನಾಲ್ಕನೇ ದಿನ ಬೆಳಿಗ್ಗೆ ಎರಡು ಮೀನು ತೇಲ್ತಿದ್ವು. ತೊಟ್ಟಿಯ ಫಿಲ್ಟರ್‌ನಲ್ಲಿ ಬದುಕೋ ಒಳ್ಳೆಯ ಬ್ಯಾಕ್ಟೀರಿಯಾ ಇರ್ತವೆ. ಮೀನಿನ ಮಲಮೂತ್ರದಿಂದ ಬರೋ ಅಮೋನಿಯಾವನ್ನು ಕರಗಿಸೋದೇ ಅವುಗಳ ಕೆಲಸ. ನಾನು ಹಾಕಿದ ಔಷಧಿ ಅವನ್ನೂ ಕೊಂದಿತ್ತು. ನೀರು ಪರೀಕ್ಷೆ ಮಾಡಿದಾಗ ಅಮೋನಿಯಾ ಏರಿತ್ತು.

ಮೂವತ್ತು ವರ್ಷದಿಂದ ಮೀನು ಸಾಕ್ತಿರೋ ಪರಿಚಯದವರೊಬ್ಬರು ಅವತ್ತು ಸಂಜೆ ಬಂದು ಉಳಿದ ನಾಲ್ಕನ್ನು ನೋಡಿದರು. ಅವರು ಹೇಳಿದ್ದು ಇಷ್ಟೇ: "ಇವಕ್ಕೆ ಕಾಯಿಲೆನೇ ಇರಲಿಲ್ಲ. ಇವುಗಳ ನಿಜವಾದ ಬಣ್ಣನೇ ಇದು. ಅಂಗಡೀಲಿ ನೀವು ನೋಡಿದ್ದು ಹಾರ್ಮೋನು."

ಇಲ್ಲದ ಕಾಯಿಲೆಗೆ ಔಷಧಿ ಹಾಕಿ ನಾನು ಎರಡು ಮೀನು ಕೊಂದಿದ್ದೆ. ಈ ಸಂಚಿಕೆ ಮಾಡ್ತಿರೋದು ಅದಕ್ಕೇ. ನೀವೂ ಹಾಗೆ ಮಾಡಬಾರದು.

ಮೀನಿಗೆ ಬಣ್ಣ ಬರೋದು ಎಲ್ಲಿಂದ?

ಮೊದಲು ಬೇಸಿಕ್ಸ್. ಮೀನಿನ ಚರ್ಮದಲ್ಲಿ ಬಣ್ಣಕ್ಕೇ ಅಂತ ಪ್ರತ್ಯೇಕ ಜೀವಕೋಶಗಳಿವೆ. ಕಪ್ಪು ಬಣ್ಣ ತುಂಬಿರೋದು ಮೆಲನೋಫೋರ್, ಹಳದಿಯದು ಜಾಂಥೋಫೋರ್, ಕೆಂಪಿನದು ಎರಿಥ್ರೋಫೋರ್. ಇನ್ನೊಂದು ಇದೆ, ಇರಿಡೋಫೋರ್. ಇದರಲ್ಲಿ ಬಣ್ಣವೇ ಇರಲ್ಲ, ಗ್ವಾನೀನ್ ಅನ್ನೋ ವಸ್ತುವಿನ ಸಣ್ಣ ಸಣ್ಣ ಹರಳುಗಳಿರ್ತವೆ. ಅವು ಪುಟ್ಟ ಕನ್ನಡಿ ಥರ ಬೆಳಕನ್ನು ವಾಪಸ್ ಕಳಿಸ್ತವೆ. ಬಹುತೇಕ ಮೀನುಗಳಲ್ಲಿ ನಾವು ನೋಡೋ ನೀಲಿ ಈ ಕನ್ನಡಿಗಳ ಆಟ, ನೀಲಿ ಶಾಯಿ ಅಲ್ಲ.

ಈ ಕೋಶಗಳು ಎಷ್ಟಿರಬೇಕು, ಯಾವಾಗ ತುಂಬಬೇಕು, ಯಾವಾಗ ಹರಡಬೇಕು ಅನ್ನೋದನ್ನು ನಿರ್ಧರಿಸೋದು ನಾಲ್ಕು ಸಂಗತಿ.

ಒಂದು, ವಂಶವಾಹಿ. ಗೋಲ್ಡ್‌ಫಿಷ್ ಕಿತ್ತಳೆ ಆಗಿರೋದು ಚೀನಾದಲ್ಲಿ ಜನ ನೂರಾರು ವರ್ಷ ಬಣ್ಣದವನ್ನೇ ಆರಿಸಿ ಆರಿಸಿ ಮರಿ ಮಾಡಿಸಿದ್ದರಿಂದ.

ಎರಡು, ಊಟ. ಕೆಂಪು, ಹಳದಿಗೆ ಬೇಕಾದ ಕ್ಯಾರೋಟಿನಾಯ್ಡ್ ಅನ್ನೋ ವಸ್ತುವನ್ನು ಮೀನು ತಾನೇ ತಯಾರಿಸಿಕೊಳ್ಳೋಕೆ ಆಗಲ್ಲ, ತಿಂದೇ ಪಡೀಬೇಕು. ಸೀಗಡಿ ತಿನ್ನೋ ಮೀನಿಗೆ ಕೆಂಪು ಏರೋದು ಇದರಿಂದ. ಫ್ಲೆಮಿಂಗೋ ಹಕ್ಕಿ ಗುಲಾಬಿ ಆಗೋದೂ ಹೀಗೇನೇ. ನಮ್ಮ ಗುಂಡ್ಲುಪೇಟೆ ಕಡೆ ರಸ್ತೆ ಪಕ್ಕ ಚೆಂಡು ಹೂವಿನ ಹೊಲ ನೋಡಿ ಫೋಟೋ ತೆಗೆಸಿಕೊಂಡಿರ್ತೀರಿ, ಅಲ್ವಾ? ಆ ಹೂವಿನಿಂದ ತೆಗೆಯೋ ಲ್ಯೂಟಿನ್ ಕೋಳಿಯ ಆಹಾರಕ್ಕೆ ಸೇರಿದರೆ ಮೊಟ್ಟೆಯ ಹಳದಿ ಗಾಢವಾಗುತ್ತೆ. ಮೀನಿನ ಆಹಾರದಲ್ಲೂ ಚೆಂಡು ಹೂ, ಸ್ಪಿರುಲಿನಾ ಬಳಸ್ತಾರೆ. ಇದು ಮೋಸ ಅಲ್ಲ, ಊಟ.

ಮೂರು, ಮನಸ್ಥಿತಿ ಮತ್ತು ಸುತ್ತಲಿನ ವಾತಾವರಣ. ಹೆದರಿದ ಮೀನು ಮಂಕಾಗುತ್ತೆ. ತೊಟ್ಟಿಯ ತಳ ಬಿಳಿ ಇದ್ದರೆ ಹಲವು ಮೀನು ತಿಳಿಯಾಗ್ತವೆ, ಕಪ್ಪು ಇದ್ದರೆ ಗಾಢವಾಗ್ತವೆ.

ನಾಲ್ಕು, ಹಾರ್ಮೋನ್. ನಮ್ಮ ಕಥೆ ಇರೋದು ಇಲ್ಲೇ.

ಗಂಡಿಗೆ ಯಾಕೆ ಬಣ್ಣ, ಹೆಣ್ಣಿಗೆ ಯಾಕಿಲ್ಲ?

ನಾನು ತಂದ ಪೀಕಾಕ್ ಮೂಲತಃ ಆಫ್ರಿಕಾದ ಮಲಾವಿ ಸರೋವರದ್ದು. ಸಿಕ್ಲಿಡ್ ಅನ್ನೋ ಗುಂಪಿನ ನೂರಾರು ಜಾತಿಯ ಮೀನು ಆ ಒಂದೇ ಸರೋವರದಲ್ಲಿವೆ. ಪೀಕಾಕ್‌ನ ವೈಜ್ಞಾನಿಕ ಹೆಸರು ಅವ್ಲೊನೊಕಾರ. ಇದರಲ್ಲಿ ಬಣ್ಣ ಇರೋದು ಬೆಳೆದ ಗಂಡಿಗೆ ಮಾತ್ರ. ಹೆಣ್ಣು ಬೂದು-ಕಂದು. ಮರಿಗಳು ಗಂಡಾಗಲಿ ಹೆಣ್ಣಾಗಲಿ ಅಮ್ಮನ ಥರಾನೇ ಕಾಣ್ತವೆ.

ಇದಕ್ಕೆ ಕಾರಣ ಇದೆ. ಹೆಣ್ಣು ಮೊಟ್ಟೆಯನ್ನು ತನ್ನ ಬಾಯಲ್ಲೇ ಇಟ್ಟುಕೊಂಡು ಸುಮಾರು ಮೂರು ವಾರ ಕಾಪಾಡುತ್ತೆ. ಆ ದಿನಗಳಲ್ಲಿ ಯಾರ ಕಣ್ಣಿಗೂ ಬೀಳದೇ ಇರೋದೇ ಅದರ ರಕ್ಷಣೆ. ಗಂಡಿಗೆ ಉಲ್ಟಾ. ಹೆಣ್ಣು ತನ್ನನ್ನು ಗಮನಿಸಬೇಕು, ಬೇರೆ ಗಂಡು ತನ್ನ ಜಾಗದಿಂದ ದೂರ ಇರಬೇಕು. ಅದರ ಬಣ್ಣ ಒಂದು ಸಂದೇಶ: ನಾನು ಬೆಳೆದಿದ್ದೀನಿ, ಆರೋಗ್ಯವಾಗಿದ್ದೀನಿ, ಈ ಜಾಗ ನಂದು.

ಈ ಸಂದೇಶವನ್ನು ಒಳಗಿನಿಂದ ಕಳಿಸೋದು ಗಂಡು ಹಾರ್ಮೋನ್. ಮನುಷ್ಯರಲ್ಲಿ ಟೆಸ್ಟೋಸ್ಟಿರೋನ್ ಇದ್ದ ಹಾಗೆ ಮೀನಿನಲ್ಲಿ ಮುಖ್ಯವಾಗಿ 11-ಕೀಟೋಟೆಸ್ಟೋಸ್ಟಿರೋನ್ ಅನ್ನೋದು ಈ ಕೆಲಸ ಮಾಡುತ್ತೆ. ಪೀಕಾಕ್ ಗಂಡು ಸಾಮಾನ್ಯವಾಗಿ ಆರೇಳು ಸೆಂಟಿಮೀಟರ್ ಆದಮೇಲೆ ಬಣ್ಣ ತುಂಬಿಕೊಳ್ಳುತ್ತೆ. ಅದಕ್ಕೆ ತಿಂಗಳುಗಟ್ಟಲೆ ಸಮಯ ಬೇಕು.

ಬಣ್ಣ ಮತ್ತು ಸ್ಥಾನಮಾನದ ನಂಟು ಎಷ್ಟು ಗಟ್ಟಿ ಅಂದ್ರೆ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರಸೆಲ್ ಫರ್ನಾಲ್ಡ್ ಅವರ ತಂಡ ಇನ್ನೊಂದು ಆಫ್ರಿಕನ್ ಸಿಕ್ಲಿಡ್ ಮೇಲೆ ಇದನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದೆ. ತೊಟ್ಟಿಯಿಂದ ಯಜಮಾನ ಗಂಡನ್ನು ತೆಗೆದರೆ, ಅಲ್ಲಿವರೆಗೂ ಮಂಕಾಗಿ ಮೂಲೆಯಲ್ಲಿದ್ದ ಇನ್ನೊಂದು ಗಂಡು ಕೆಲವೇ ನಿಮಿಷದಲ್ಲಿ ಬಣ್ಣ ಏರಿಸಿಕೊಂಡು ಮುಂದೆ ಬರುತ್ತೆ. ದೇಹದ ಒಳಗೆ ಹಾರ್ಮೋನ್ ಕೂಡ ಏರುತ್ತೆ. ಯಜಮಾನ ವಾಪಸ್ ಬಂದರೆ? ಬಣ್ಣವೂ ವಾಪಸ್.

ಇದನ್ನು ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

ಅಂಗಡಿಯ ಮರಿಗೆ ಮುಂಚೆನೇ ಬಣ್ಣ ಹೇಗೆ?

ಈಗ ವ್ಯಾಪಾರದ ಕಡೆಯಿಂದ ಯೋಚಿಸಿ. ಮೀನು ಬೆಳೆಸೋರ ಹತ್ತಿರ ಸಾವಿರ ಬೂದು ಮರಿಗಳಿವೆ. ಬಣ್ಣ ಬರೋವರೆಗೂ ಕಾಯಬೇಕು ಅಂದ್ರೆ ತಿಂಗಳುಗಟ್ಟಲೆ ಊಟ, ನೀರು, ಕರೆಂಟು. ಕಾದರೂ ಸುಮಾರು ಅರ್ಧ ಹೆಣ್ಣಾಗಿರ್ತವೆ, ಅವಕ್ಕೆ ಬಣ್ಣ ಬರೋದೇ ಇಲ್ಲ. ಬೂದು ಮೀನನ್ನು ಯಾರೂ ಕೊಳ್ಳಲ್ಲ. ನಾನೂ ಕೊಳ್ತಿರಲಿಲ್ಲ.

ಇಲ್ಲಿ ಬರುತ್ತೆ ಅಡ್ಡದಾರಿ. 17-ಆಲ್ಫಾ ಮೀಥೈಲ್‌ಟೆಸ್ಟೋಸ್ಟಿರೋನ್ ಅನ್ನೋ ಕೃತಕ ಗಂಡು ಹಾರ್ಮೋನ್. ಇದನ್ನು ಆಲ್ಕೋಹಾಲ್‌ನಲ್ಲಿ ಕರಗಿಸಿ ಮೀನಿನ ಆಹಾರಕ್ಕೆ ಬೆರೆಸ್ತಾರೆ. ಆಲ್ಕೋಹಾಲ್ ಆವಿಯಾಗುತ್ತೆ, ಹಾರ್ಮೋನ್ ಆಹಾರದಲ್ಲಿ ಉಳಿಯುತ್ತೆ. ಅದನ್ನು ತಿಂದ ಮರಿಯ ದೇಹಕ್ಕೆ "ನೀನು ಬೆಳೆದ ಗಂಡು" ಅನ್ನೋ ಸುಳ್ಳು ಸುದ್ದಿ ಹೋಗುತ್ತೆ. ಬಣ್ಣದ ಕೋಶಗಳು ಅದನ್ನು ನಂಬ್ತವೆ. ಪುಟ್ಟ ಮರಿಗೂ ಬಣ್ಣ, ಹೆಣ್ಣಿಗೂ ಬಣ್ಣ.

ಹೆಣ್ಣಿಗೆ ಹೇಗೆ ಸಾಧ್ಯ ಅಂತ ಕೇಳಬಹುದು. ಗಪ್ಪಿ ಮೀನು ನೋಡಿ. ಹೌದು, ಸೊಳ್ಳೆ ಮರಿ ತಿನ್ನಲಿ ಅಂತ ಆರೋಗ್ಯ ಇಲಾಖೆಯವರು ಬಾವಿ, ತೊಟ್ಟಿಗೆ ಬಿಡ್ತಾರಲ್ಲ, ಅದೇ ಗಪ್ಪಿ. ಗಂಡಿಗೆ ಮಾತ್ರ ಬಣ್ಣದ ಬಾಲ. ಆದರೆ ಹೆಣ್ಣು ಗಪ್ಪಿಯ ಒಳಗೂ ಬಣ್ಣದ ವಂಶವಾಹಿಗಳು ಮಲಗಿರ್ತವೆ. ಹೆಣ್ಣಿಗೆ ಗಂಡು ಹಾರ್ಮೋನ್ ಕೊಟ್ಟರೆ ಅವು ಎದ್ದು ಕಾಣಿಸಿಕೊಳ್ತವೆ. ಯಾವ ಹೆಣ್ಣು ಯಾವ ಬಣ್ಣವನ್ನು ಮರಿಗೆ ದಾಟಿಸುತ್ತೆ ಅಂತ ತಿಳಿಯೋಕೆ ವಿಜ್ಞಾನಿಗಳು ಇದೇ ಉಪಾಯವನ್ನು ಬಳಸಿದ್ದಾರೆ. ಅಂದ್ರೆ ಹಾರ್ಮೋನ್ ಹೊಸ ಬಣ್ಣ ಬಳಿಯಲ್ಲ. ಒಳಗಿರೋದನ್ನು ಅವಧಿಗೆ ಮುಂಚೆ, ಅಥವಾ ತಪ್ಪಾದ ದೇಹದಲ್ಲಿ, ಹೊರಗೆ ಎಳೆಯುತ್ತೆ.

ಇಲ್ಲೊಂದು ವ್ಯತ್ಯಾಸ ಹೇಳಲೇಬೇಕು. ಬಣ್ಣದ ಇಂಜೆಕ್ಷನ್ ಬೇರೆ, ಹಾರ್ಮೋನ್ ಬೇರೆ. ನಮ್ಮ ದೇಶದ್ದೇ ಆದ ಗಾಜಿನಂತೆ ಪಾರದರ್ಶಕವಾದ ಗ್ಲಾಸ್‌ಫಿಷ್ ಇದೆ. ಅದರ ಮೈಗೆ ಸೂಜಿಯಲ್ಲಿ ಬಣ್ಣ ಚುಚ್ಚಿ ಮಾರೋ ಪದ್ಧತಿ ಇತ್ತು. ಅದರ ವಿರುದ್ಧ ಬ್ರಿಟನ್ನಿನ 'ಪ್ರಾಕ್ಟಿಕಲ್ ಫಿಶ್‌ಕೀಪಿಂಗ್' ಪತ್ರಿಕೆ 1996ರಲ್ಲಿ ಅಭಿಯಾನವನ್ನೇ ಶುರು ಮಾಡಿತು. ಚುಚ್ಚಿದ ಬಣ್ಣ ನೋಡಿದ ತಕ್ಷಣ ಅಸಹಜ ಅನ್ನಿಸುತ್ತೆ. ಹಾರ್ಮೋನ್ ಬಣ್ಣ ಹಾಗಲ್ಲ. ಅದು ಆ ಜಾತಿಯ ಸಹಜ ಬಣ್ಣವೇ. ಅದಕ್ಕೇ ಕಂಡುಹಿಡಿಯೋದು ಕಷ್ಟ.

ತಿನ್ನೋ ಮೀನಿಗೂ ಕೊಡ್ತಾರಲ್ಲ?

ಒಳ್ಳೆ ಪ್ರಶ್ನೆ. ತಿಲಾಪಿಯಾ ಸಾಕಣೆಯಲ್ಲಿ ಇದೇ ಹಾರ್ಮೋನ್ ಅನ್ನು ಪ್ರಪಂಚದ ಹಲವು ಕಡೆ ಬಳಸ್ತಾರೆ. ಮರಿ ಊಟ ಶುರು ಮಾಡಿದ ದಿನಗಳಲ್ಲಿ, ಅದು ಗಂಡೋ ಹೆಣ್ಣೋ ಅಂತ ದೇಹ ಇನ್ನೂ ತೀರ್ಮಾನಿಸದ ಹೊತ್ತಿನಲ್ಲಿ, ಸಾಮಾನ್ಯವಾಗಿ ಕಿಲೋ ಆಹಾರಕ್ಕೆ 60 ಮಿಲಿಗ್ರಾಂ ಲೆಕ್ಕದಲ್ಲಿ 21ರಿಂದ 28 ದಿನ ಕೊಡ್ತಾರೆ. ಎಲ್ಲ ಗಂಡಾದರೆ ಬೇಗ ಬೆಳೀತವೆ, ಕೊಳದಲ್ಲಿ ಮರಿ ತುಂಬಿ ತುಳುಕಲ್ಲ. ಅಲ್ಲಿಗೆ ನಿಲ್ಲಿಸ್ತಾರೆ. ಮೀನು ಮಾರುಕಟ್ಟೆಗೆ ಬರೋದು ತಿಂಗಳುಗಳಾದ ಮೇಲೆ.

ಅಕ್ವೇರಿಯಂ ಮೀನಿನ ವಿಷಯದಲ್ಲಿ ಲೆಕ್ಕ ಬೇರೆ. ಇಲ್ಲಿ ಗುರಿ ಮಾರಾಟದ ದಿನ ಬಣ್ಣ ಕಾಣಬೇಕು ಅನ್ನೋದಷ್ಟೇ. ಹಾಗಾಗಿ ಲಿಂಗ ಆಗಲೇ ನಿರ್ಧಾರ ಆಗಿರೋ ಮರಿಗೆ, ಬೆಳೆದ ಹೆಣ್ಣಿಗೆ, ಮಾರೋವರೆಗೂ ಕೊಡ್ತಾರೆ. ಎಷ್ಟು ಕೊಟ್ಟರು, ಯಾವಾಗ ಕೊಟ್ಟರು ಅಂತ ಪ್ಯಾಕೆಟ್ ಮೇಲೆ ಬರೆದಿರಲ್ಲ. ಮೀನಿಗೆ ಪ್ಯಾಕೆಟ್ಟೇ ಇರಲ್ಲ, ನೀರು ತುಂಬಿದ ಪ್ಲಾಸ್ಟಿಕ್ ಕವರ್ ಅಷ್ಟೇ.

ಮೀನು ತೆರೋ ಬೆಲೆ

ಹಾರ್ಮೋನ್ ಊಟ ನಿಂತ ಮೇಲೆ ಬಣ್ಣ ಇಳಿಯುತ್ತೆ. ಕೆಲವಕ್ಕೆ ವಾರಗಳಲ್ಲಿ, ಕೆಲವಕ್ಕೆ ತಿಂಗಳುಗಳಲ್ಲಿ. ನಿಜವಾದ ಗಂಡಾಗಿದ್ದರೆ ಬೆಳೆದ ಮೇಲೆ ಸ್ವಂತ ಬಣ್ಣ ಬರಬಹುದು. ಹೆಣ್ಣಾಗಿದ್ದರೆ ಬರಲ್ಲ.

ಬಣ್ಣ ಹೋದರೆ ಹೋಗಲಿ ಅನ್ನಬಹುದು. ಆದರೆ ಈ ಹಾರ್ಮೋನ್ ಚರ್ಮಕ್ಕೆ ಮಾತ್ರ ಹೋಗಲ್ಲ, ಇಡೀ ದೇಹಕ್ಕೆ ಹೋಗುತ್ತೆ. ಅಂಡಾಶಯದ ಬೆಳವಣಿಗೆ ಕೆಡಬಹುದು, ಹೆಣ್ಣು ಬಂಜೆಯಾಗಬಹುದು. ಹೆಣ್ಣು ಗಪ್ಪಿಗೆ ಕೊಟ್ಟರೆ ಹೊಟ್ಟೆ ಕೆಳಗಿನ ರೆಕ್ಕೆ ಗಂಡಿನ ಜನನಾಂಗದ ಥರ ಉದ್ದವಾಗುತ್ತೆ. ಇದರಲ್ಲಿ ಇನ್ನೊಂದು ವಿಚಿತ್ರ ಇದೆ. ಡೋಸ್ ತುಂಬಾ ಜಾಸ್ತಿಯಾದರೆ ಮೀನಿನ ದೇಹ ಅದರಲ್ಲಿ ಒಂದು ಭಾಗವನ್ನು ಹೆಣ್ಣು ಹಾರ್ಮೋನ್ ಆಗಿ ಬದಲಾಯಿಸಿಬಿಡುತ್ತೆ. ಗಂಡು ಮಾಡೋಕೆ ಹೋಗಿ ಉಲ್ಟಾ ಪರಿಣಾಮ.

ಕೊಡೋ ಮನುಷ್ಯನಿಗೂ ಅಪಾಯ ಇದೆ. ಮೀಥೈಲ್‌ಟೆಸ್ಟೋಸ್ಟಿರೋನ್ ಒಂದು ಸ್ಟಿರಾಯ್ಡ್ ಔಷಧಿ. ದೀರ್ಘಕಾಲ ದೇಹ ಸೇರಿದರೆ ಯಕೃತ್ತಿಗೆ ಹಾನಿ. ಗರ್ಭಿಣಿಯ ದೇಹಕ್ಕೆ ಹೋದರೆ ಹೆಣ್ಣು ಭ್ರೂಣಕ್ಕೆ ತೊಂದರೆ. ಅಮೆರಿಕದಲ್ಲಿ ಇದು ಕಾನೂನಿನ ನಿಯಂತ್ರಣದಲ್ಲಿರೋ ಔಷಧಿಗಳ ಪಟ್ಟಿಯಲ್ಲಿದೆ. ಬರಿಗೈಯಲ್ಲಿ ಪುಡಿ ಕಲಸಿ, ಮಾಸ್ಕ್ ಇಲ್ಲದೆ ಉಸಿರಾಡೋ ಕೆಲಸಗಾರ ಈ ಸರಪಳಿಯಲ್ಲಿ ಯಾರ ಕಣ್ಣಿಗೂ ಬೀಳಲ್ಲ.

ಆಮೇಲೆ ನೀರು. ಹಾರ್ಮೋನ್ ಎಷ್ಟು ಸಣ್ಣ ಪ್ರಮಾಣದಲ್ಲೂ ಕೆಲಸ ಮಾಡುತ್ತೆ ಅನ್ನೋದಕ್ಕೆ ಕೆನಡಾದ ಒಂದು ಪ್ರಯೋಗ ಹೇಳ್ತೀನಿ. ಆಂಟೇರಿಯೋದಲ್ಲಿ ಪ್ರಯೋಗಕ್ಕೇ ಮೀಸಲಾದ ಒಂದು ಕೆರೆಗೆ 2001ರಿಂದ ಮೂರು ಬೇಸಿಗೆ ಗರ್ಭನಿರೋಧಕ ಮಾತ್ರೆಯಲ್ಲಿರೋ ಹೆಣ್ಣು ಹಾರ್ಮೋನ್ ಬೆರೆಸಿದರು. ಲೀಟರಿಗೆ ಬರೀ 5-6 ನ್ಯಾನೋಗ್ರಾಂ. ಒಂದು ನ್ಯಾನೋಗ್ರಾಂ ಅಂದ್ರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಭಾಗ. ಅಷ್ಟಕ್ಕೇ ಅಲ್ಲಿನ ಫ್ಯಾಟ್‌ಹೆಡ್ ಮಿನ್ನೋ ಅನ್ನೋ ಪುಟ್ಟ ಮೀನಿನ ಸಂತತಿ ಆ ಕೆರೆಯಲ್ಲಿ ಹೆಚ್ಚುಕಡಿಮೆ ಅಳಿದೇ ಹೋಯ್ತು. ಇದರ ಫಲಿತಾಂಶ 2007ರಲ್ಲಿ ಪ್ರಕಟವಾಯ್ತು. ಅದು ಬೇರೆ ಹಾರ್ಮೋನ್, ನಿಜ. ಆದರೆ ಗಂಡು ಹಾರ್ಮೋನ್ ಥರ ವರ್ತಿಸೋ ತ್ಯಾಜ್ಯದಿಂದ ಏನಾಗುತ್ತೆ ಅನ್ನೋದಕ್ಕೂ ಸಾಕ್ಷಿ ಇದೆ. ಅಮೆರಿಕದ ಫ್ಲೋರಿಡಾದಲ್ಲಿ ಕಾಗದದ ಕಾರ್ಖಾನೆಯ ಕೊಳಚೆ ಸೇರೋ ಹಳ್ಳದಲ್ಲಿ ಹೆಣ್ಣು ಗ್ಯಾಂಬೂಸಿಯಾ ಮೀನುಗಳಿಗೆ ಗಂಡಿನ ರೆಕ್ಕೆ ಬೆಳೆದಿದ್ದನ್ನು 1980ರಲ್ಲೇ ವರದಿ ಮಾಡಿದ್ದಾರೆ. ಹಾರ್ಮೋನ್ ಬೆರೆತ ತೊಟ್ಟಿಯ ನೀರನ್ನು ಚರಂಡಿಗೆ ಚೆಲ್ಲೋದು ಸಣ್ಣ ವಿಷಯ ಅಲ್ಲ.

ಕೊಳ್ಳುವಾಗ ಏನು ನೋಡಬೇಕು?

ಮನೆಯಲ್ಲಿ ಪರೀಕ್ಷೆ ಮಾಡೋಕೆ ಕಿಟ್ ಇಲ್ಲ. ಕಣ್ಣೇ ಗತಿ. ನಾನು ಈಗ ನೋಡೋದು ಇಷ್ಟು.

ಮೊದಲನೆಯದು, ಸೈಜ್. ಬೆಳೆದ ಮೇಲೆ ಬಣ್ಣ ಬರೋ ಜಾತಿಯ ಮೀನು ಹೆಬ್ಬೆರಳಿನಷ್ಟಿರುವಾಗಲೇ ಪೂರ್ತಿ ಮಿಂಚ್ತಿದ್ದರೆ ಅನುಮಾನ ಪಡಿ.

ಎರಡನೆಯದು, ತೊಟ್ಟಿಯಲ್ಲಿ ಬೂದು ಮೀನು ಇದೆಯಾ? ಐವತ್ತು ಪೀಕಾಕ್ ಮರಿ ಇದ್ದು, ಐವತ್ತಕ್ಕೂ ಒಂದೇ ಥರ ಬಣ್ಣ ಇದ್ದರೆ, ಹೆಣ್ಣುಗಳೆಲ್ಲ ಎಲ್ಲಿ ಹೋದವು? ಬೂದು ಮರಿ ಬೆರೆತಿರೋ ತೊಟ್ಟಿ ನೋಡೋಕೆ ಚೆನ್ನಾಗಿರಲ್ಲ, ಆದರೆ ನಂಬಬಹುದು.

ಮೂರನೆಯದು, ಆಕಾರ. ಗಪ್ಪಿಯಲ್ಲಿ ದುಂಡು ಹೊಟ್ಟೆಯ ಹೆಣ್ಣಿನ ಮೈಗೆ ಗಂಡಿನ ಬಣ್ಣ ಇದ್ದರೆ ಗಮನಿಸಿ.

ಆದರೆ ತಕ್ಷಣ ಅಂಗಡಿಯವರ ಮೇಲೆ ಜಗಳಕ್ಕೆ ಹೋಗಬೇಡಿ. ಫಾರ್ಮ್‌ನಿಂದ ಹೋಲ್‌ಸೇಲ್‌ಗೆ, ಅಲ್ಲಿಂದ ಅಂಗಡಿಗೆ, ಮೀನು ಮೂರ್ನಾಲ್ಕು ಕೈ ದಾಟಿ ಬಂದಿರುತ್ತೆ. ಅವರಿಗೇ ಗೊತ್ತಿಲ್ಲದೆ ಇರಬಹುದು. ಎಲ್ಲ ಫಾರ್ಮ್‌ನವರೂ ಹೀಗೆ ಮಾಡ್ತಾರೆ ಅಂತಲೂ ಅಲ್ಲ. ಇನ್ನೊಂದು, ಆಗಲೇ ಹೇಳಿದ ಯಜಮಾನ ಗಂಡಿನ ಕಥೆ ನೆನಪಿದೆಯಲ್ಲ? ನಿಮ್ಮ ತೊಟ್ಟಿಯಲ್ಲಿ ಜೋರಾದ ಇನ್ನೊಂದು ಗಂಡು ಇದ್ದರೂ ಹೊಸದು ಬಣ್ಣ ಇಳಿಸಿಕೊಳ್ಳುತ್ತೆ. ನೀರು ಕೆಟ್ಟಿದ್ದರೂ, ಊಟ ಸರಿಯಿಲ್ಲದಿದ್ದರೂ ಮಂಕಾಗುತ್ತೆ.

ಹಾಗಾದರೆ ಬಣ್ಣ ಇಳಿದಾಗ ಏನು ಮಾಡಬೇಕು? ಮೊದಲು ನೀರು ಪರೀಕ್ಷೆ ಮಾಡಿ. ಮೀನು ಊಟ ಮಾಡ್ತಿದೆಯಾ, ಉಸಿರಾಟ ಸರಿ ಇದೆಯಾ, ರೆಕ್ಕೆ ಬಿಚ್ಚಿ ಈಜ್ತಿದೆಯಾ ನೋಡಿ. ಇದೆಲ್ಲ ಸರಿ ಇದ್ದು ಬಣ್ಣ ಮಾತ್ರ ಹೋಗಿದ್ದರೆ ಔಷಧಿ ಡಬ್ಬಿ ಮುಚ್ಚಿಡಿ. ಈ ಒಂದು ಮಾತು ನನಗೆ ಆಗ ಗೊತ್ತಿದ್ದರೆ ಎರಡು ಮೀನು ಉಳೀತಿದ್ವು. ಆಮೇಲೆ, ಬೇಜಾರಾಗಿ ಮೀನನ್ನು ಕೆರೆಗೆ ಮಾತ್ರ ಬಿಡಬೇಡಿ. ಅದು ನಮ್ಮ ಕೆರೆಯ ಮೀನಲ್ಲ, ಅಲ್ಲಿರೋ ಮೀನುಗಳಿಗೆ ತೊಂದರೆ.

ಮೊದಲ ಸಲ ಸಾಕೋರು, ಬಣ್ಣ ಬೇಕೇ ಬೇಕು ಅನ್ನೋರು, ಗಂಡು-ಹೆಣ್ಣು ಎರಡಕ್ಕೂ ಸಹಜವಾಗಿ ಬಣ್ಣ ಇರೋ ಮೀನು ಆರಿಸ್ಕೊಳ್ಳಿ. ಪ್ಲಾಟಿ, ನಿಯಾನ್ ಟೆಟ್ರಾ, ಗೋಲ್ಡ್‌ಫಿಷ್. ಮಲಾವಿ ಮೀನೇ ಬೇಕು ಅಂದ್ರೆ ಎಲೆಕ್ಟ್ರಿಕ್ ಯೆಲ್ಲೋ ಅನ್ನೋದಿದೆ, ಗಂಡೂ ಹಳದಿ, ಹೆಣ್ಣೂ ಹಳದಿ. ಹಾರ್ಮೋನ್ ಕೊಟ್ಟು ಸುಳ್ಳು ಹೇಳಿಸೋಕೆ ಅಲ್ಲಿ ಕಾರಣವೇ ಇಲ್ಲ. ಪೀಕಾಕ್ ಬೇಕು ಅಂದ್ರೆ ಬೂದು ಮರಿಗಳನ್ನೇ ತಗೊಂಡು ಕಾಯಿರಿ. ಒಂದು ದಿನ ಬೆಳಿಗ್ಗೆ ಅದರ ಮುಖದ ಮೇಲೆ ಮೊದಲ ನೀಲಿ ಕಾಣಿಸುತ್ತೆ. ಆ ನೀಲಿ ಹಾರ್ಮೋನ್ ಊಟ ನಿಂತಿತು ಅಂತ ಹೋಗೋದಲ್ಲ.

ನಾನು ಯಾರನ್ನು ದೂರಲಿ ಅಂತ ತುಂಬಾ ದಿನ ಯೋಚಿಸಿದೆ. ನನ್ನ ಮೀನಿನ ರಕ್ತವನ್ನು ನಾನು ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿಲ್ಲ. ಲಕ್ಷಣಗಳೆಲ್ಲ ಅದನ್ನೇ ಹೇಳ್ತವೆ ಅಷ್ಟೇ. ಆದರೆ ಆ ದಿನ ಅಂಗಡಿಯಲ್ಲಿ ಪಕ್ಕದ ತೊಟ್ಟಿಯಲ್ಲಿ ಬೂದು ಮರಿಗಳೂ ಇದ್ವು, ಅರ್ಧ ಬೆಲೆಗೆ. ನಾನು ಅವನ್ನು ತಿರುಗಿಯೂ ನೋಡಲಿಲ್ಲ. ಪುಟ್ಟ ಮೀನಿಗೆ ಈಗಲೇ ಬಣ್ಣ ಬೇಕು ಅಂತ ನಾವು ಕೇಳೋವರೆಗೂ ಕೊಡೋರು ಇದ್ದೇ ಇರ್ತಾರೆ.

ನಮ್ಮ ನೀಲಿ ಈಗಲೂ ಇದೆ. ಚೆನ್ನಾಗಿ ತಿನ್ನುತ್ತೆ, ದಪ್ಪ ಆಗಿದೆ, ಪೂರ್ತಿ ಬೂದು. ಹೆಣ್ಣು ಅಂತ ಈಗ ಗೊತ್ತಾಗಿದೆ. ಇಲ್ಲಿವರೆಗೂ ಒಂದು ಸಲವೂ ಬಾಯಲ್ಲಿ ಮೊಟ್ಟೆ ಇಟ್ಟುಕೊಂಡಿಲ್ಲ. ಮೊನ್ನೆ ಮನೆಗೆ ಬಂದ ಒಬ್ಬರು, "ಇದಕ್ಕೆ ಯಾಕೆ ನೀಲಿ ಅಂತ ಹೆಸರು?" ಅಂದರು. ಅಕ್ಕನ ಮಗಳು ಅವರನ್ನು ಕೂರಿಸಿಕೊಂಡು, ನಾನು ನಿಮಗೆ ಇಷ್ಟೊತ್ತು ಹೇಳಿದ್ದನ್ನೆಲ್ಲ ಐದು ನಿಮಿಷದಲ್ಲಿ ಹೇಳಿ ಮುಗಿಸಿದಳು.

ಮೀನು ಕೊಳ್ಳೋಕೆ ಹೊರಟಿರೋ ಗೆಳೆಯರು ಇದ್ದರೆ ಅಂಗಡಿಗೆ ಹೋಗೋ ಮುಂಚೆನೇ ಈ ಸಂಚಿಕೆ ಕಳಿಸಿ. ಮುಂದಿನ ವಾರ ಸಿಗೋಣ.